ಟ್ಯಾಂಕ್ ನೋಡಬೇಡಿ, ಗಾಳಿ ನೋಡಿ

ಆಯುಧಪೂಜೆಯ ಹಿಂದಿನ ಸಂಜೆ ಬೆಂಗಳೂರಿನ ಗೋವಿಂದರಾಜನಗರದಿಂದ ಮಾಗಡಿ ರಸ್ತೆಯ ಕಡೆಗೆ ನಡೆದು ಹೊರಟರೆ ಬೀದಿಯ ಸದ್ದೇ ಬೇರೆಯಾಗಿರುತ್ತದೆ. ಗ್ಯಾರೇಜುಗಳಲ್ಲಿ ಅವತ್ತು ರಿಪೇರಿ ಕಡಿಮೆ. ತೊಳೆಯುವುದು, ಒರೆಸುವುದು, ಜೋಡಿಸಿಡುವುದೇ ಕೆಲಸ. ಉದ್ದ ಪೈಪಿನ ತುದಿಯ ಗನ್ ಒತ್ತಿದೊಡನೆ ಸುಯ್ಯೆಂದು ನುಗ್ಗುವ ಗಾಳಿಗೆ ವರ್ಷವಿಡೀ ಕೂತ ಧೂಳು ಮೂಲೆ ಬಿಟ್ಟು ಏಳುತ್ತದೆ. ಎಲ್ಲ ಮುಗಿದ ಮೇಲೆ ಗಾಳಿ ಕೊಟ್ಟ ಯಂತ್ರಕ್ಕೇ ಸ್ನಾನ. ಮರುದಿನ ಬೆಳಿಗ್ಗೆ ಅದರ ಬೆಲ್ಟ್ ಗಾರ್ಡಿನ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಟ್ಯಾಂಕಿಗೆ ಸೇವಂತಿಗೆ ಹಾರ, ಎದುರಿಗೆ ಒಡೆದ ಬೂದುಗುಂಬಳ.

ಕಂಪ್ರೆಸರ್ ಎಂಬ ಈ ಯಂತ್ರ ಈಗ ಗ್ಯಾರೇಜು ದಾಟಿ ಮನೆಗಳಿಗೂ ಬರುತ್ತಿದೆ. ಮೂವತ್ತು ನಲವತ್ತು ಸೈಟಿನ ಮನೆ, ಕೆಳಗೆ ಪಾರ್ಕಿಂಗು, ಅದರ ಒಂದು ಮೂಲೆಯಲ್ಲಿ ಹಲಗೆಯ ಮೇಜು, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು. ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರು ಅಲ್ಲಿ ಹಳೆಯ ಸ್ಕೂಟರ್ ಬಿಚ್ಚಿ ಜೋಡಿಸುತ್ತಾರೆ. ಸಾಫ್ಟ್‌ವೇರ್ ಕೆಲಸದ ಹುಡುಗ ಶನಿವಾರ ತೇಗದ ಪೀಠ ಮಾಡುತ್ತಾನೆ. ಮನೆಯೊಡತಿ ಗೇಟಿಗೆ ತಾನೇ ಬಣ್ಣ ಹೊಡೆಯುತ್ತೇನೆ ಎನ್ನುತ್ತಾರೆ. ಇವರೆಲ್ಲ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಲೀಟರಿಂದು ತಗೊಂಡ್ರೆ ಒಳ್ಳೇದು?’

ಆ ಪ್ರಶ್ನೆಯಿಂದ ಶುರುಮಾಡಿದವರು ಬಹುಪಾಲು ತಪ್ಪು ಯಂತ್ರ ಮನೆಗೆ ತರುತ್ತಾರೆ. ಕೇಳಬೇಕಾದ್ದು ಲೀಟರಿನ ಲೆಕ್ಕವಲ್ಲ, ನಿಮಿಷಕ್ಕೆ ಎಷ್ಟು ಗಾಳಿ ಎಂಬ ಲೆಕ್ಕ. ಯಾಕೆ ಎನ್ನುವುದು ತಿಳಿಯಬೇಕಾದರೆ ಯಂತ್ರದ ಒಳಗೆ ಸ್ವಲ್ಪ ಇಣುಕಬೇಕು.

ತಿದಿಯ ಮೊಮ್ಮಗ

ಗಾಳಿಯನ್ನು ಕೆಲಸಕ್ಕೆ ಹಚ್ಚುವುದು ನಮಗೆ ಹೊಸದೇನಲ್ಲ. ಊರಿನ ಕುಲುಮೆಯಲ್ಲಿ ಚರ್ಮದ ತಿದಿ ಇತ್ತು. ಒಂದು ತಿದಿ ಉಸಿರು ಬಿಡುವಾಗ ಇನ್ನೊಂದು ಉಸಿರು ತುಂಬಿಕೊಳ್ಳುವಂತೆ ಎರಡನ್ನು ಜೋಡಿಯಾಗಿ ಒತ್ತುತ್ತಿದ್ದರು, ಬೆಂಕಿಗೆ ಗಾಳಿ ತಪ್ಪಬಾರದೆಂದು. ತಿದಿಗೆ ಹರಿವು ಇತ್ತು, ಒತ್ತಡ ಅಷ್ಟಿರಲಿಲ್ಲ. ಗಾಳಿಯನ್ನು ಹಿಂಡಿ ಕೂಡಿಡುವ ಶಕ್ತಿ ಉಕ್ಕಿನ ಸಿಲಿಂಡರು, ಪಿಸ್ಟನ್ನು ಬಂದ ಮೇಲೆ ಸಿಕ್ಕಿತು.

ಕರ್ನಾಟಕದಲ್ಲಿ ಹಿಂಡಿದ ಗಾಳಿ ದೊಡ್ಡ ಪ್ರಮಾಣದಲ್ಲಿ ದುಡಿದ ಜಾಗ ಕೋಲಾರದ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಸುರಂಗಗಳಲ್ಲಿ ಬಂಡೆ ಕೊರೆಯುವ ಡ್ರಿಲ್ಲುಗಳು ಓಡಿದ್ದು ಮೇಲಿನಿಂದ ಪೈಪಿನಲ್ಲಿ ಇಳಿಸಿದ ಗಾಳಿಯಿಂದ. ಗಾಳಿಯಲ್ಲಿ ಹೊಗೆಯಿಲ್ಲ, ಕಿಡಿಯಿಲ್ಲ. ಡ್ರಿಲ್ಲಿನಿಂದ ಹೊರಬೀಳುವ ಗಾಳಿ ತಣ್ಣಗಿರುತ್ತದೆ, ಆಳದ ಬೇಗೆಯಲ್ಲಿ ನಿಂತವನಿಗೆ ಅದೇ ಉಸಿರು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಕ್ಕೆ ಅದು ಬಂದದ್ದು 1905ರಲ್ಲಿ.

ನಮ್ಮ ಪಶ್ಚಿಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಮಲ್ಲೇಶ್ವರ–ರಾಜಾಜಿನಗರದ ಅಂಚಿನಲ್ಲಿ ಮೋಟಾರು ಮಾಡುತ್ತಿತ್ತು. ಆ ನೆಲದಲ್ಲಿ ಇವತ್ತು ಮಾಲು, ಗೋಪುರಗಳು ನಿಂತಿವೆ. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಆಚೆಗೆ ಪೀಣ್ಯ: ಈ ಪಟ್ಟಿಯುದ್ದಕ್ಕೂ ಲೇತು, ಪ್ರೆಸ್ಸು, ಪೌಡರ್ ಕೋಟಿಂಗ್ ಶೆಡ್ಡುಗಳು. ಪೌಡರ್ ಕೋಟಿಂಗಿನಲ್ಲಿ ಬಣ್ಣದ ಹುಡಿಯನ್ನು ಕಬ್ಬಿಣದ ಮೇಲೆ ಎರಚುವುದು ಗಾಳಿಯೇ. ಪಂಕ್ಚರ್ ಅಂಗಡಿಗಳಲ್ಲಿ ಗುಡುಗುಡು ಎನ್ನುವ ಕಂಪ್ರೆಸರುಗಳಲ್ಲಿ ಎಷ್ಟೋ ಕೊಯಮತ್ತೂರಿನಿಂದ ಬಂದವು. ಅಲ್ಲಿನ ಎಲ್ಜಿ ಕಂಪನಿ 1960ರಲ್ಲಿ ಶುರುವಾದದ್ದು.

ವಿಜಯನಗರ ಬಸ್ ನಿಲ್ದಾಣದಲ್ಲಿ ಬಿಎಂಟಿಸಿ ಬಸ್ಸು ನಿಂತಾಗ ‘ತಸ್ಸ್’ ಎನ್ನುವುದು ಬ್ರೇಕಿನ ಗಾಳಿ. ಹೊಸಹಳ್ಳಿ, ಅತ್ತಿಗುಪ್ಪೆಯ ಮೇಲೆ ಹಾದುಹೋಗುವ ಮೆಟ್ರೋ ರೈಲಿನ ಹೊಟ್ಟೆಯಲ್ಲೂ ಬ್ರೇಕಿಗೆಂದು ಕಂಪ್ರೆಸರ್ ಇದೆ. ದಿನಾ ಅದರ ನಡುವೆಯೇ ಓಡಾಡುತ್ತೇವೆ, ಕೊಳ್ಳುವಾಗ ಮಾತ್ರ ಗೊಂದಲ.

ಸಂಪು, ಮೋಟಾರು, ಮೇಲಿನ ಟ್ಯಾಂಕು

ಬೆಂಗಳೂರಿನವರಿಗೆ ಕಂಪ್ರೆಸರ್ ವಿವರಿಸಲು ಮನೆಯ ನೀರಿನ ವ್ಯವಸ್ಥೆಗಿಂತ ಒಳ್ಳೆಯ ಉದಾಹರಣೆ ಬೇಡ. ಕಾವೇರಿ ನೀರು ಸಂಪಿಗೆ ಬೀಳುತ್ತದೆ. ಮೋಟಾರು ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ನಲ್ಲಿ ತಿರುಗಿಸಿದರೆ ಟ್ಯಾಂಕಿನ ಎತ್ತರದಿಂದ ನೀರು ರಭಸವಾಗಿ ಬರುತ್ತದೆ.

ಕಂಪ್ರೆಸರಿನಲ್ಲಿ ಸುತ್ತಲಿನ ಗಾಳಿಯೇ ಸಂಪು. ಪಂಪಿನ ತಲೆ ಮೋಟಾರಿನ ಕೆಲಸ ಮಾಡುತ್ತದೆ. ಪಿಸ್ಟನ್ ಕೆಳಗೆ ಜಾರಿದಾಗ ಒಂದು ತೆಳು ಉಕ್ಕಿನ ಕವಾಟ ತೆರೆದು ಗಾಳಿ ಒಳಬರುತ್ತದೆ. ಮೇಲೆ ಏರಿದಾಗ ಆ ಕವಾಟ ಮುಚ್ಚಿ, ಇನ್ನೊಂದು ತೆರೆದು, ಹಿಂಡಿದ ಗಾಳಿ ಟ್ಯಾಂಕಿಗೆ ದಾಟುತ್ತದೆ. ನಿಮಿಷಕ್ಕೆ ನೂರಾರು, ಸಾವಿರಾರು ಸಲ ಇದೇ ಆಟ. ಸೈಕಲ್ ಪಂಪ್ ಒತ್ತುವಾಗ ಅದರ ಬುಡ ಬಿಸಿಯಾಗುವುದು ನೆನಪಿದ್ದರೆ, ಕಂಪ್ರೆಸರಿನ ತಲೆಗೆ ಯಾಕೆ ಅಷ್ಟೊಂದು ರೆಕ್ಕೆರೆಕ್ಕೆ ಎರಕ ಎನ್ನುವುದೂ ಅರ್ಥವಾಗುತ್ತದೆ. ಅದು ಬಿಸಿ ಆರಲಿಕ್ಕೆ.

ಟ್ಯಾಂಕಿನ ಒತ್ತಡ ಸುಮಾರು 8 ಬಾರ್ ಮುಟ್ಟಿದಾಗ ಒತ್ತಡದ ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ಆ ಕ್ಷಣ ‘ತಸ್ಸ್’ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಮುಖ್ಯ. ಪಂಪಿನ ತಲೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗಿ, ಮುಂದಿನ ಸಲ ಮೋಟಾರು ಭಾರವಿಲ್ಲದೆ ಏಳಲು ದಾರಿಯಾಯಿತು ಎಂದು ಅದರ ಅರ್ಥ. ಆ ಸದ್ದು ನಿಂತರೆ ಮುಂದೊಂದು ದಿನ ಮೋಟಾರು ಏಳಲಾರದೆ ಗುಂಯ್ ಎನ್ನುತ್ತಾ ಸುಡುತ್ತದೆ. ಬಳಸುತ್ತಾ ಬಳಸುತ್ತಾ ಒತ್ತಡ 6 ಬಾರಿನ ಆಸುಪಾಸಿಗೆ ಇಳಿದಾಗ ಮೋಟಾರು ತಾನಾಗಿ ಮತ್ತೆ ಹೊರಡುತ್ತದೆ.

ಈಗ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒತ್ತಡ ಎಂದರೆ ಟ್ಯಾಂಕಿನ ಎತ್ತರ. ಹರಿವು ಎಂದರೆ ನಿಮಿಷಕ್ಕೆ ಎಷ್ಟು ಬಿಂದಿಗೆ ಎಂಬುದು. ಒತ್ತಡವನ್ನು ಪಂಕ್ಚರ್ ಅಂಗಡಿಯವರು ಪಿಎಸ್‌ಐನಲ್ಲಿ ಹೇಳುತ್ತಾರೆ. ‘ಮುಂದೆ ಮೂವತ್ತು, ಹಿಂದೆ ಮೂವತ್ತೈದು’ ಎಂದರೆ ಅದೇ. 100 ಪಿಎಸ್‌ಐ ಸರಿಸುಮಾರು 7 ಬಾರ್. ಹರಿವನ್ನು ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಅಳೆಯುತ್ತಾರೆ. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ 28 ಲೀಟರಿಗೆ ಸ್ವಲ್ಪ ಹೆಚ್ಚು.

ಪೇಟೆಯ ಯಾವ ಕಂಪ್ರೆಸರ್ ತಂದರೂ ಒತ್ತಡ ಸಾಕಷ್ಟು ಸಿಗುತ್ತದೆ. ಸಾಲದೆ ಬರುವುದು ಹರಿವು.

ನಲವತ್ತು ಸೆಕೆಂಡಿನ ಸಂಭ್ರಮ

50 ಲೀಟರ್ ಟ್ಯಾಂಕಿನ ಯಂತ್ರವನ್ನೇ ತೆಗೆದುಕೊಳ್ಳಿ. ಒತ್ತಡ 8 ಬಾರಿನಿಂದ 6ಕ್ಕೆ ಇಳಿಯುವಷ್ಟರಲ್ಲಿ ಅದರಿಂದ ಹೊರಬರುವ ಗಾಳಿ 50ರ ಎರಡರಷ್ಟು, ಅಂದರೆ ಸುಮಾರು 100 ಲೀಟರ್. ಘನ ಅಡಿಯಲ್ಲಿ ಹೇಳಿದರೆ ಮೂರೂವರೆ. ಪಂಪು ಮೊದಲ ಕ್ಷಣದಿಂದಲೇ ಓಡುತ್ತಾ ನಿಮಿಷಕ್ಕೆ 5 ಘನ ಅಡಿ ತುಂಬುತ್ತದೆ, ನಿಮ್ಮ ಕೈಯಲ್ಲಿರುವ ಸ್ಯಾಂಡಿಂಗ್ ಯಂತ್ರ ನಿಮಿಷಕ್ಕೆ 10 ಕುಡಿಯುತ್ತದೆ ಎನ್ನೋಣ. ಪ್ರತಿ ನಿಮಿಷಕ್ಕೆ 5 ಕೊರತೆ. ಆ ಕೊರತೆಯನ್ನು ಮೂರೂವರೆ ಘನ ಅಡಿ ಎಷ್ಟು ಹೊತ್ತು ತುಂಬೀತು? ನಲವತ್ತು ಸೆಕೆಂಡು. ಅಲ್ಲಿಂದಾಚೆ ಒತ್ತಡ ಕುಸಿಯುತ್ತಾ ಹೋಗುತ್ತದೆ, ಯಂತ್ರ ನಿಧಾನವಾಗುತ್ತದೆ, ಮೋಟಾರು ಬಿಡುವಿಲ್ಲದೆ ಓಡುತ್ತದೆ.

ಟ್ಯಾಂಕ್ 100 ಲೀಟರಿನದಾದರೆ ನಲವತ್ತು ಸೆಕೆಂಡು ಎಂಬತ್ತಾಗುತ್ತದೆ, ಅಷ್ಟೇ. ಮೇಲಿನ ಟ್ಯಾಂಕ್ ಎಷ್ಟು ದೊಡ್ಡದಿದ್ದರೂ ಬೋರಿನಲ್ಲಿ ನೀರು ಕಡಿಮೆಯಿದ್ದರೆ ಬಾಡಿಗೆದಾರರ ಕೂಗು ತಪ್ಪುವುದಿಲ್ಲವಲ್ಲ, ಇದೂ ಹಾಗೆಯೇ. ಟ್ಯಾಂಕು ದೊಡ್ಡದಾದಷ್ಟೂ ಖಾಲಿಯಿಂದ ತುಂಬಲು ಕಾಯುವ ಹೊತ್ತೂ ಉದ್ದವಾಗುತ್ತದೆ.

ಅಶ್ವಶಕ್ತಿಯ ಲೇಬಲ್ಲೂ ಪೂರ್ತಿ ನಂಬತಕ್ಕದ್ದಲ್ಲ. ಪಿಸ್ಟನ್ ಪಂಪಿನಲ್ಲಿ ಒಂದು ಎಚ್‌ಪಿಗೆ 90 ಪಿಎಸ್‌ಐ ಒತ್ತಡದಲ್ಲಿ ಸಾಮಾನ್ಯವಾಗಿ 3ರಿಂದ 4 ಸಿಎಫ್‌ಎಂ ಸಿಕ್ಕುತ್ತದೆ. ಡಬ್ಬದ ಮೇಲೆ ಅದಕ್ಕಿಂತ ತೀರ ಹೆಚ್ಚು ಬರೆದಿದ್ದರೆ, ಅದು ಪಿಸ್ಟನ್ ನುಂಗುವ ಗಾಳಿಯ ಲೆಕ್ಕ. ನುಂಗಿದ್ದೆಲ್ಲ ಹೊರಗೆ ಬರುವುದಿಲ್ಲ. ಸಣ್ಣ ಯಂತ್ರಗಳಲ್ಲಿ ಮೂರನೇ ಒಂದು ಪಾಲು ದಾರಿಯಲ್ಲೇ ಹೋಗುವುದುಂಟು. ಕೊಳ್ಳುವವರು ಕೇಳಬೇಕಾದ್ದು ‘ಫ್ರೀ ಏರ್ ಡೆಲಿವರಿ, ಅಂದರೆ ನಿಜಕ್ಕೂ ಹೊರಬರುವ ಗಾಳಿ ಎಷ್ಟು, ಎಷ್ಟು ಒತ್ತಡದಲ್ಲಿ?’ ಎಂದು.

ಇದರ ಜೊತೆಗೆ ನಮ್ಮ ಊರಿನದೇ ಒಂದು ಸಂಗತಿಯಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಕ್ಕೆ ಒಂದರಷ್ಟು ತೆಳು. ಅದೇ ಪಂಪು ಅದೇ ವೇಗದಲ್ಲಿ ಓಡಿದರೂ ಮಂಗಳೂರಿಗಿಂತ ಇಲ್ಲಿ ಟ್ಯಾಂಕು ತುಂಬಲು ಸ್ವಲ್ಪ ಹೆಚ್ಚು ಹೊತ್ತು ಬೇಕು.

ಗಡಿಯಾರ ಹಿಡಿದು ಪರೀಕ್ಷೆ

ಹರಿವನ್ನು ಅಂಗಡಿಯಲ್ಲೇ ಅಳೆಯಬಹುದು. ಬೇಕಾದದ್ದು ಮೊಬೈಲಿನ ಸ್ಟಾಪ್‌ವಾಚ್ ಮಾತ್ರ. ಹೊರಬಾಯಿ ಮುಚ್ಚಿ ಯಂತ್ರ ಓಡಿಸಿ. ಟ್ಯಾಂಕಿನ ಮುಳ್ಳು 2 ಬಾರ್ ದಾಟುವಾಗ ಗಡಿಯಾರ ಒತ್ತಿ, 6 ಬಾರ್ ಮುಟ್ಟಿದಾಗ ನಿಲ್ಲಿಸಿ. ಟ್ಯಾಂಕು 50 ಲೀಟರಾದರೆ ಆ ನಾಲ್ಕು ಬಾರಿನಲ್ಲಿ ಒಳಹೋದದ್ದು 200 ಲೀಟರ್ ಗಾಳಿ. ನೂರು ಸೆಕೆಂಡು ಹಿಡಿದರೆ ನಿಮಿಷಕ್ಕೆ 120 ಲೀಟರ್, ಅಂದರೆ 4 ಸಿಎಫ್‌ಎಂ ಮತ್ತು ಚೂರು. ಲೇಬಲ್ಲಿನ ಮೇಲೆ 8 ಎಂದು ಬರೆದಿದ್ದರೆ ಉತ್ತರ ನಿಮ್ಮ ಕಣ್ಣೆದುರಿಗೇ ಇದೆ.

ಹಳೆಯ ಯಂತ್ರ ಕೊಳ್ಳುವವರಿಗಂತೂ ಈ ಪರೀಕ್ಷೆ ಕಡ್ಡಾಯ. ಪಿಸ್ಟನ್ ರಿಂಗ್ ಸವೆದ ಪಂಪು ಮೇಲಿನ ಒತ್ತಡಕ್ಕೆ ಏರುವಾಗ ತೆವಳುತ್ತದೆ. ತುಂಬಿದ ಮೇಲೆ ಸ್ವಿಚ್ಚು ಆರಿಸಿ ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸೋರಿಕೆಯಿದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುವ ಜಾಗವೇ ಅದು.

ಕೆಲಸ ಯಾವುದು, ಹಸಿವು ಎಷ್ಟು

ಮನೆಯ ಮೂಲೆಯ ಕೆಲಸಗಳನ್ನು ಗಾಳಿಯ ಹಸಿವಿನ ಪ್ರಕಾರ ನೋಡಿದರೆ ಅವುಗಳ ನಡುವೆ ಆಕಾಶ–ಭೂಮಿಯ ಅಂತರವಿದೆ. ಟೈರಿಗೆ ಗಾಳಿ, ಏರ್‌ಬ್ರಷ್‌ನಲ್ಲಿ ಗೊಂಬೆಗೆ ಬಣ್ಣ, ಮರದ ಚೌಕಟ್ಟಿಗೆ ಸಣ್ಣ ಮೊಳೆ ಹೊಡೆಯುವ ಗನ್: ಇವಕ್ಕೆಲ್ಲ 1–2 ಸಿಎಫ್‌ಎಂ ಧಾರಾಳ. ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚಿಗೆ 4–5 ಎನ್ನುತ್ತಾರೆ. ಆದರೆ ಅದು ಬಿಟ್ಟು ಬಿಟ್ಟು ಒತ್ತುವ ಲೆಕ್ಕ. ಚಕ್ರದ ನಾಲ್ಕೈದು ನಟ್ಟು ಬಿಚ್ಚುವಷ್ಟು ಹೊತ್ತು ಸಣ್ಣ ಯಂತ್ರವೂ ತಾಳುತ್ತದೆ.

ಹೊಟ್ಟೆಬಾಕರು ಬೇರೆಯೇ ಇದ್ದಾರೆ. ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬೇಡುವ ಸ್ಪ್ರೇ ಗನ್ನಿಗೆ 8ರಿಂದ 15 ಸಿಎಫ್‌ಎಂ ಬೇಕು. ಗಾಳಿಯಿಂದ ತಿರುಗುವ ಸ್ಯಾಂಡರಿಗೂ ಹತ್ತರ ಆಸುಪಾಸು. ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಬ್ಲಾಸ್ಟಿಂಗಿಗೆ ಅದಕ್ಕೂ ಹೆಚ್ಚು. ಈ ಮೂರರಲ್ಲಿ ಒಂದನ್ನು ದಿನವಿಡೀ ಮಾಡಬೇಕಾದರೆ ಮನೆಯ ಸಿಂಗಲ್ ಫೇಸ್ ಕಂಪ್ರೆಸರ್ ಸಾಲುವುದಿಲ್ಲ ಎಂದು ಮುಖಕ್ಕೆ ಹೇಳುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸ್ಯಾಂಡಿಂಗಿಗೆ, ಗ್ರೈಂಡಿಂಗಿಗೆ ಮನೆಯಲ್ಲಿ ವಿದ್ಯುತ್ ಉಪಕರಣ ಇಟ್ಟುಕೊಳ್ಳಿ. ಗಾಳಿಗೆ ಅಷ್ಟು ಬೆಲೆ ತೆರಬೇಕಿಲ್ಲ, ಏಕೆಂದರೆ ಮೋಟಾರಿಗೆ ಕೊಟ್ಟ ವಿದ್ಯುತ್ತಿನ ಬಹುಪಾಲು ಪಂಪಿನ ಬಿಸಿಯಾಗಿ ಹೋಗಿಬಿಡುತ್ತದೆ. ಗೇಟು, ಕಿಟಕಿ ಸರಳು, ಸ್ಕೂಟರಿನ ಪ್ಯಾನೆಲ್ಲಿಗೆ ಬಣ್ಣವೆಂದರೆ ಸಣ್ಣ ನಳಿಕೆಯ ಗನ್ ಆರಿಸಿ, ಅರ್ಧ ನಿಮಿಷ ಹೊಡೆದು ಅರ್ಧ ನಿಮಿಷ ತಡೆದರೆ ಒಂದೂವರೆ, ಎರಡು ಎಚ್‌ಪಿ ಯಂತ್ರದಲ್ಲಿ ಕೆಲಸ ಸಾಗುತ್ತದೆ.

ಕಾರಿಗೆ ಪೂರ್ತಿ ಬಣ್ಣ ಮಾತ್ರ ಮನೆಯಲ್ಲಿ ಬೇಡವೇ ಬೇಡ. ಗಟ್ಟಿಕಾರಕ ಬೆರೆಸಿ ಹೊಡೆಯುವ ಕಾರಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಆಸ್ತಮಾ ಅಂಟಿಕೊಳ್ಳಬಹುದು. ಬಟ್ಟೆಯ ಮಾಸ್ಕು ಅದಕ್ಕೆ ತಡೆಯಲ್ಲ. ಮಹಡಿಯ ಮೆಟ್ಟಿಲಿನಲ್ಲಿ ಮಕ್ಕಳು ಓಡಾಡುವ ಪಾರ್ಕಿಂಗಿನಲ್ಲಿ ಅದನ್ನು ಎರಚುವ ಹಕ್ಕು ಯಾರಿಗೂ ಇಲ್ಲ.

ಎಣ್ಣೆ ಉಂಟೋ ಇಲ್ಲವೋ

ಪೇಟೆಯಲ್ಲಿ ಎರಡು ಜಾತಿಯ ಯಂತ್ರಗಳಿವೆ. ಬೀಡು ಕಬ್ಬಿಣದ ಪಂಪು, ಬೆಲ್ಟು, ಎಣ್ಣೆ ತುಂಬಿದ ತಳ: ಇದು ಪಂಕ್ಚರ್ ಅಂಗಡಿಯ ಜಾತಿ. ನಿಧಾನ ತಿರುಗುತ್ತದೆ, ತೂಕ ಹೆಚ್ಚು, ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಅದಕ್ಕೆ ಹಾಕಬೇಕಾದ್ದು ಕಂಪ್ರೆಸರ್ ಎಣ್ಣೆಯೇ, ಬೈಕಿನ ಎಂಜಿನ್ ಆಯಿಲ್ ಅಲ್ಲ. ಎಂಜಿನ್ ಆಯಿಲಿನಲ್ಲಿ ಬೆರೆಸಿರುವ ಮಾರ್ಜಕಗಳು ಕವಾಟದ ಮೇಲೆ ಇಂಗಾಲವಾಗಿ ಕೂರುತ್ತವೆ.

ಎರಡನೆಯದು ಎಣ್ಣೆಯಿಲ್ಲದ್ದು. ಪಿಸ್ಟನ್ನಿಗೆ ಟೆಫ್ಲಾನ್ ಜಾತಿಯ ಬಳೆ, ಮೋಟಾರಿಗೇ ನೇರ ಜೋಡಣೆ. ಗಾಳಿಯಲ್ಲಿ ಎಣ್ಣೆಯ ತುಂತುರು ಇರುವುದಿಲ್ಲ, ಬಣ್ಣದ ಕೆಲಸಕ್ಕೆ ಅದೊಂದು ಅನುಕೂಲ. ಬಳೆ ಸವೆಯುತ್ತದೆ, ಬದಲಿಸಬೇಕಾಗುತ್ತದೆ. ಬಿಡಿಭಾಗ ಊರಲ್ಲೇ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲು ಕೇಳಿಕೊಳ್ಳಿ. ಈ ಸಣ್ಣ ಯಂತ್ರಗಳು ಸತತ ಓಡಲು ಮಾಡಿದವಲ್ಲ. ಹತ್ತು ನಿಮಿಷದಲ್ಲಿ ಐದು ನಿಮಿಷ ದುಡಿಸಿ ಐದು ನಿಮಿಷ ಬಿಡಬೇಕು.

ಗೋಡೆಯಾಚೆ ಮಲಗಿರುವವರು

ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ನಮ್ಮ ಅಡುಗೆಮನೆಯಿಂದ ಎಣಿಸಬಹುದು. ಅಂಥ ಕಡೆ ಕಂಪ್ರೆಸರಿನ ಆಯ್ಕೆಯೆಂದರೆ ನೆರೆಹೊರೆಯ ಆಯ್ಕೆಯೂ ಹೌದು. ಇಪ್ಪತ್ತು ಮೂವತ್ತರ ಸೈಟುಗಳಲ್ಲಿ ಎರಡು ಗೋಡೆಗಳ ನಡುವೆ ಗಾಳಿಯಾಡಲೂ ಜಾಗವಿಲ್ಲ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಶಬ್ದಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರವರೆಗೆ. ಅಗ್ಗದ, ನಿಮಿಷಕ್ಕೆ 2,800ಕ್ಕೂ ಮಿಕ್ಕಿ ಸುತ್ತು ತಿರುಗುವ ನೇರ ಜೋಡಣೆಯ ಯಂತ್ರದ ಪಕ್ಕ ನಿಂತರೆ 80–90 ಡೆಸಿಬಲ್. ಸುಮಾರು 1,400 ಸುತ್ತಿನ ಮೋಟಾರಿರುವ ‘ಸೈಲೆಂಟ್’ ಎಂದು ಮಾರುವ ಯಂತ್ರಗಳು 60–70ರ ನಡುವೆ. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ, ಆದ್ದರಿಂದ ಈ ವ್ಯತ್ಯಾಸ ಕಾಗದದ ಮೇಲಿನದಲ್ಲ. ಅದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಹೋದರೂ ಹೋಗಲಿ. ಮೇಲಿನ ಮಹಡಿಯಲ್ಲಿ ಪರೀಕ್ಷೆಗೆ ಓದುವ ಹುಡುಗಿ ಇದ್ದಾಳೆ, ಎದುರು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿದ್ದಾರೆ.

ನಡುಕವೂ ಸದ್ದೇ. ಯಂತ್ರದ ಕಾಲಡಿ ದಪ್ಪ ರಬ್ಬರ್ ಹಾಸಿ. ಗೋಡೆಗೆ ತಾಗಿಸಬೇಡಿ.

ವೈರು ಗಿಡ್ಡ, ಪೈಪು ಉದ್ದ

2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ. ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆದ್ದರಿಂದ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು, ಗಟ್ಟಿ ಅರ್ಥಿಂಗು ಬೇಕೇ ಬೇಕು. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ, ಒಮ್ಮೆ ನೋಡಿ. ಗೀಸರು, ಕಂಪ್ರೆಸರು ಒಟ್ಟಿಗೆ ಓಡುವ ಬೆಳಗು ಅದಕ್ಕೆ ಭಾರವಾಗಬಹುದು. ಮನೆಯ ಯುಪಿಎಸ್‌ಗೆ ಇದನ್ನು ಜೋಡಿಸಲೇಬಾರದು. ಹಣ ಪಡೆದು ಕೆಲಸ ಮಾಡಿಕೊಡುವುದಾದರೆ ಗೃಹಬಳಕೆಯ ಮೀಟರು ನಡೆಯುವುದಿಲ್ಲ.

ಬಹಳ ಮಂದಿ ಮಾಡುವ ತಪ್ಪೊಂದಿದೆ. ಮೊದಲ ಮಹಡಿಯಿಂದ ತೆಳು ಎಕ್ಸ್‌ಟೆನ್ಷನ್ ವೈರ್ ಇಳಿಸಿ ಕೆಳಗೆ ಕಂಪ್ರೆಸರ್ ಓಡಿಸುತ್ತಾರೆ. ವೈರಿನಲ್ಲೇ ವೋಲ್ಟೇಜು ಬಿದ್ದು ಮೋಟಾರು ಏಳದೆ ಬಿಸಿಯಾಗುತ್ತದೆ. ಯಂತ್ರವನ್ನು ಸಾಕೆಟ್ಟಿನ ಪಕ್ಕವೇ ಇಟ್ಟು ಗಾಳಿಯ ಪೈಪನ್ನು ಉದ್ದ ಮಾಡುವುದು ಸರಿಯಾದ ದಾರಿ. ಬಣ್ಣ ಹೊಡೆಯುವಾಗಲೂ ಇದೇ ಒಳ್ಳೆಯದು. ತಿನ್ನರಿನ ಆವಿ, ಪಕ್ಕದಲ್ಲಿ ನಿಂತ ಪೆಟ್ರೋಲ್ ಸ್ಕೂಟರುಗಳು, ಒತ್ತಡದ ಸ್ವಿಚ್ಚಿನ ಕಿಡಿ, ಇವು ಒಂದೇ ಮೂಲೆಯಲ್ಲಿ ಸೇರಬಾರದು.

ಪ್ಲಂಬರು ‘ಪಿವಿಸಿ ಪೈಪಲ್ಲೇ ಲೈನ್ ಎಳೆದುಕೊಡ್ತೀನಿ ಸಾರ್’ ಎಂದರೆ ಒಪ್ಪಬೇಡಿ. ನೀರಿನ ಒತ್ತಡಕ್ಕೆ ಸೀಳುವ ಪಿವಿಸಿ, ಗಾಳಿಯ ಒತ್ತಡಕ್ಕೆ ಚೂರುಚೂರಾಗಿ ಸಿಡಿಯುತ್ತದೆ.

ಒಂದು ಲೋಟ ಕೆಂಪು ನೀರು

ಟ್ಯಾಂಕಿನ ಹೊಟ್ಟೆಯ ಕೆಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ, ಒಂದು ಪುಟ್ಟ ಹಿತ್ತಾಳೆಯ ತಿರುಪು ಇರುತ್ತದೆ. ಎಷ್ಟೋ ಮನೆಗಳಲ್ಲಿ ಯಂತ್ರ ತಂದ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಅದನ್ನು ಸಡಿಲಿಸಿ. ಮೊದಲು ಗೊರ್ ಎಂಬ ಸದ್ದು, ಹಿಂದೆಯೇ ಚಹಾದ ಬಣ್ಣದ ನೀರು.

ಎಲ್ಲಿಂದ ಬಂತು ಈ ನೀರು? ಗಾಳಿಯಿಂದಲೇ. ಮಳೆಗಾಲದ ನಮ್ಮ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರಬಹುದು. ಅದನ್ನು ಹತ್ತನೇ ಒಂದರಷ್ಟು ಜಾಗಕ್ಕೆ ಹಿಂಡಿ ತಣ್ಣಗಾಗಿಸಿದರೆ ಎರಡು ಗ್ರಾಮಿನಷ್ಟು ಮಾತ್ರ ಆವಿಯಾಗಿ ಉಳಿಯುತ್ತದೆ, ಮಿಕ್ಕದ್ದು ಹನಿಯಾಗುತ್ತದೆ. 5 ಸಿಎಫ್‌ಎಂ ಯಂತ್ರ ಒಟ್ಟು ಒಂದು ಗಂಟೆ ದುಡಿದರೆ ನೂರು ಮಿಲಿಲೀಟರಿಗೂ ಹೆಚ್ಚು ನೀರು, ಸಣ್ಣ ಲೋಟದ ತುಂಬ. ಹೊಸದಾಗಿ ಬಣ್ಣ ಹೊಡೆದ ಗೇಟಿನ ಮೇಲೆ ಏಳುವ ಗುಳ್ಳೆ, ಚುಕ್ಕೆಗಳಲ್ಲಿ ಎಷ್ಟೋ ಈ ನೀರಿನವೇ. ಬಣ್ಣದ ಕೆಲಸಕ್ಕೆ ನೀರು ಹಿಡಿಯುವ ಫಿಲ್ಟರ್ ಹಾಕಿಕೊಳ್ಳಬೇಕು, ಅದೂ ಟ್ಯಾಂಕಿನ ಬಾಯಿಗಿಂತ ಗನ್ನಿನ ಹತ್ತಿರ ಇದ್ದರೆ ಚೆನ್ನ. ಪೈಪಿನಲ್ಲಿ ಗಾಳಿ ತಣಿದ ಮೇಲೆ ನೀರು ಹಿಡಿಯುವುದು ಸುಲಭ.

ಬಣ್ಣ ಕೆಟ್ಟರೆ ಉಜ್ಜಿ ಮತ್ತೆ ಹೊಡೆಯಬಹುದು. ಟ್ಯಾಂಕು ಕೆಟ್ಟರೆ ಹಾಗಲ್ಲ. ಆ ನೀರು ಒಳಗಿನಿಂದ ಉಕ್ಕನ್ನು ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. 8 ಬಾರ್ ತುಂಬಿದ 50 ಲೀಟರ್ ಟ್ಯಾಂಕಿನಲ್ಲಿ ಕೂಡಿಟ್ಟಿರುವ ಶಕ್ತಿ, ಸರಿಸುಮಾರು ಒಬ್ಬ ವಯಸ್ಕರನ್ನು ಇಪ್ಪತ್ತು ಅಂತಸ್ತಿನ ಮೇಲಕ್ಕೆ ಎತ್ತುವಷ್ಟು. ಅದು ಒಂದೇ ಗಳಿಗೆಯಲ್ಲಿ ಹೊರಬಂದರೆ ಪಾರ್ಕಿಂಗಿನ ಗತಿಯೇನು? ಕಾರ್ಖಾನೆಗಳಲ್ಲಿ ಇಂಥ ಒತ್ತಡದ ಪಾತ್ರೆಗಳ ಸುರಕ್ಷತೆಗೆ 1948ರ ಕಾರ್ಖಾನೆ ಕಾಯ್ದೆಯಲ್ಲಿ 31ನೇ ಕಲಮೇ ಇತ್ತು, ಕಾಲಕಾಲಕ್ಕೆ ತಪಾಸಣೆಯೂ ಆಗಬೇಕು. ಮನೆಯ ಮೂಲೆಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ನೀವೇ ಇನ್‌ಸ್ಪೆಕ್ಟರು.

ಆದ್ದರಿಂದ ಕೆಲವು ಮಾತು ಕಟ್ಟುನಿಟ್ಟು. ಸುರಕ್ಷತಾ ಕವಾಟದ ಉಂಗುರವನ್ನು ಆಗಾಗ ಎಳೆದು ಗಾಳಿ ಬರುತ್ತದೆಯೇ ನೋಡಿ. ಸೋರಿಕೆಯೆಂದು ಅದನ್ನು ಮುಚ್ಚಿಸಿದ ಯಂತ್ರ ಕಂಡರೆ ಹತ್ತಿರ ಹೋಗಬೇಡಿ. ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಹಾಕಿಸಬೇಡಿ, ಗುಜರಿಗೆ ಕೊಡಿ. ಹಳೆ ಫ್ರಿಜ್ಜಿನ ಕಂಪ್ರೆಸರನ್ನು ಗ್ಯಾಸ್ ಸಿಲಿಂಡರಿಗೆ ಜೋಡಿಸಿ ಯಂತ್ರ ಮಾಡುವ ಉಪಾಯಗಳು ಹುಡುಗರ ನಡುವೆ ಓಡಾಡುತ್ತವೆ. ಜಾಣತನವನ್ನು ಮೆಚ್ಚೋಣ, ಪ್ರಯೋಗ ಬೇಡ.

ಗಾಳಿಯನ್ನು ಮೈಮೇಲೆ ಬಿಡುವುದಂತೂ ಕೂಡದು. ಬಟ್ಟೆಯ ಧೂಳು ಕೊಡವಲು, ತಮಾಷೆಗೆ, ಯಾವುದಕ್ಕೂ. 2024ರ ಮಾರ್ಚ್‌ನಲ್ಲಿ ಸಂಪಿಗೆಹಳ್ಳಿ ಪೊಲೀಸ್ ಠಾಣೆ ವ್ಯಾಪ್ತಿಯ ಬೈಕ್ ಸರ್ವಿಸ್ ಸೆಂಟರ್ ಒಂದರಲ್ಲಿ ಗೆಳೆಯರ ನಡುವಿನ ಇಂಥದೇ ಆಟದಲ್ಲಿ ಗಾಳಿ ದೇಹದೊಳಕ್ಕೆ ನುಗ್ಗಿ ಇಪ್ಪತ್ತರ ಹರೆಯದ ಯುವಕನೊಬ್ಬ ಸತ್ತ. ಕರುಳು ಹರಿಯಲು ಕ್ಷಣ ಸಾಕು. ಅಮೆರಿಕದ ಕೆಲಸದ ಸ್ಥಳಗಳಲ್ಲಿ ಸ್ವಚ್ಛತೆಗೆ ಬಳಸುವ ಗಾಳಿಯೇ 30 ಪಿಎಸ್‌ಐಗಿಂತ ಕೆಳಗಿರಬೇಕೆಂಬ ನಿಯಮವಿದೆ. ಮನೆಯ ಯಂತ್ರದಲ್ಲಿರುವುದು ಅದರ ನಾಲ್ಕು ಪಟ್ಟು. ಗನ್ ಹಿಡಿಯುವಾಗ ಕಣ್ಣಿಗೆ ಕನ್ನಡಕ ಇರಲಿ. ಹಾರುವ ಒಂದು ಕಬ್ಬಿಣದ ಚೂರು ಸಾಕು, ಆಯುಧಪೂಜೆಯ ಸಂಜೆಯೂ ಅದಕ್ಕೆ ಹೊರತಲ್ಲ.

ಕೊನೆಗೆ ಯಾವುದು ತರಬೇಕು

ಎಸ್‌ಜೆಪಿ ರಸ್ತೆಯ ಅಂಗಡಿ ಸಾಲಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಿಮ್ಮ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಅದಕ್ಕೆ ಬೇಕಾದ ಸಿಎಫ್‌ಎಂ ಬರೆಯಿರಿ, ಉಪಕರಣದ ಡಬ್ಬದ ಮೇಲೆ ಅದು ಇರುತ್ತದೆ. ತಿಂಗಳಿಗೆ ನಾಲ್ಕು ಸಲವಾದರೂ ಮಾಡುವ ಕೆಲಸಗಳಲ್ಲಿ ಹೆಚ್ಚು ಹಸಿವಿನದು ಯಾವುದೋ ಅದರ ಒಂದೂವರೆ ಪಟ್ಟು ಗಾಳಿ ಕೊಡುವ ಯಂತ್ರ ನಿಮ್ಮದು. ವರ್ಷಕ್ಕೊಮ್ಮೆಯ ಕೆಲಸಕ್ಕಾಗಿ ದೊಡ್ಡ ಯಂತ್ರ ತರುವುದಕ್ಕಿಂತ ಆ ಒಂದು ಕೆಲಸವನ್ನು ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಕೊಡುವುದು ಲಾಭ.

ಟೈರು, ಧೂಳು, ಮೊಳೆ, ಸಣ್ಣಪುಟ್ಟ ಬಣ್ಣ ಎನ್ನುವ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಒಂದರಿಂದ ಒಂದೂವರೆ ಎಚ್‌ಪಿಯ, ನಿಧಾನ ಮೋಟಾರಿನ, ಎಣ್ಣೆಯಿಲ್ಲದ, 25ರಿಂದ 50 ಲೀಟರಿನ ಯಂತ್ರ ಸಾಕು. ವಾರಕ್ಕೆ ನಾಲ್ಕು ದಿನ ಇಂಪ್ಯಾಕ್ಟ್ ರೆಂಚು, ಸ್ಪ್ರೇ ಗನ್ ಹಿಡಿಯುವವರು, ಮನೆಗೆ ತಾಗದ ಬೇರೆ ಶೆಡ್ಡಿರುವವರು, ಬೀಡು ಕಬ್ಬಿಣದ ಬೆಲ್ಟ್ ಯಂತ್ರವನ್ನೇ ನೋಡಲಿ, 2 ಎಚ್‌ಪಿ ಅಥವಾ 3. ಅದಕ್ಕೂ ಮೇಲೆ ಬೇಕೆನಿಸಿದರೆ ತ್ರೀ ಫೇಸ್ ಸಂಪರ್ಕವಿಲ್ಲದೆ ಮುಂದುವರಿಯಬೇಡಿ.

ಯಂತ್ರ ಈಗಾಗಲೇ ಮನೆಯಲ್ಲಿದ್ದರೆ, ಬಿಡುವಿನ ದಿನ ಹೀಗೆ ಮಾಡಿ. ಒತ್ತಡವನ್ನು 1 ಬಾರ್‌ಗೆ ಇಳಿಸಿ, ಟ್ಯಾಂಕಿನ ಕೆಳಗೊಂದು ಹಳೆಯ ಡಬ್ಬ ಇಟ್ಟು, ಆ ಹಿತ್ತಾಳೆಯ ತಿರುಪನ್ನು ಬಿಚ್ಚಿ. ನೀರು ನಿಲ್ಲುವವರೆಗೆ ಕಾಯಿರಿ. ನೀರಿನೊಂದಿಗೆ ತುಕ್ಕಿನ ಹಕ್ಕಳೆಗಳು ಬಿದ್ದರೆ ಆ ಟ್ಯಾಂಕಿಗೆ ಮತ್ತೆ ಗಾಳಿ ತುಂಬಬೇಡಿ.